ವ್ಯಾಲ್ಯೂ ಕೊಟ್ಟಿದ್ದೇನಲ್ಲ, ಮತ್ಯಾಕೆ ಕಂಪೈಲರ್‌ಗೆ ಅನುಮಾನ?

ಪ್ರಶ್ನೆ: ಸಿ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಮ್ ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ಜಿಸಿಸಿ ಎಂಬ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಅದರಲ್ಲಿ ಒಂದು ವೇರಿಯಬಲ್ ತೋರಿಸಿ ‘ಇದು ಇನಿಶಿಯಲೈಸ್ ಆಗದೆ (ಮೊದಲ ವ್ಯಾಲ್ಯೂ ಸಿಗದೆ) ಬಳಕೆಯಾಗಬಹುದು’ ಎನ್ನುತ್ತದೆ. ಎಷ್ಟು ಸಲ ಓದಿದರೂ ನನಗೆ ತಪ್ಪು ಕಾಣುತ್ತಿಲ್ಲ. ಬಳಸುವ ಮೊದಲು ಅದಕ್ಕೆ ವ್ಯಾಲ್ಯೂ ಸಿಕ್ಕೇ ಸಿಗುತ್ತದೆ. ಕೋಡನ್ನು ಚುರುಕುಗೊಳಿಸುವ ಆಪ್ಟಿಮೈಸೇಶನ್ ಇಲ್ಲದ ಓ-0 ದಲ್ಲಿ ಈ ವಾರ್ನಿಂಗ್ ಬರುವುದಿಲ್ಲ, ಅದು ಇರುವ ಓ-2 ಹಾಕಿದರೆ ಬರುತ್ತದೆ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಅಂತೂ ತುಟಿ ಪಿಟಕ್ ಎನ್ನುವುದಿಲ್ಲ. ಸೀನಿಯರ್ ಒಬ್ಬರು ‘ಸುಮ್ನೆ = 0 ಹಾಕಿ ಮುಂದೆ ಹೋಗು’ ಅಂದರು. ಹಾಕಲಾ? ಕೋಡ್ ಹೀಗಿದೆ:

ಇಂಟ್ ಉದ್ದ;
ಇಫ್ (ಕ->ತೆರೆದಿದೆ)
    ಉದ್ದ = ಅಳೆ(ಕ);
ದಾಖಲಿಸು(ಕ);
ಇಫ್ (ಕ->ತೆರೆದಿದೆ)
    ಕಳಿಸು(ಕ, ಉದ್ದ);

ಉತ್ತರ: ಸದ್ಯಕ್ಕೆ ಹಾಕಬೇಡಿ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು.

ಮೊದಲು ಬೈಗುಳದ ಧಾಟಿ ಗಮನಿಸಿ. ಜಿಸಿಸಿ ಎರಡು ರೀತಿ ಮಾತಾಡುತ್ತದೆ. ಒಂದು, ‘ಇನಿಶಿಯಲೈಸ್ ಆಗದೆ ಬಳಕೆಯಾಗಿದೆ’. ಇನ್ನೊಂದು, ‘ಬಳಕೆಯಾಗಬಹುದು’. 2012 ರಲ್ಲಿ ಬಂದ ಜಿಸಿಸಿ 4.7 ಇವೆರಡನ್ನೂ ಬೇರೆ ಬೇರೆ ಆಯ್ಕೆಗಳಾಗಿ ಒಡೆಯಿತು. ಮೊದಲನೆಯದರ ಹೆಸರು ಅನ್‌ಇನಿಶಿಯಲೈಸ್ಡ್, ಎರಡನೆಯದು ಮೇಬಿ-ಅನ್‌ಇನಿಶಿಯಲೈಸ್ಡ್. ಮುಖ್ಯ ವಾರ್ನಿಂಗ್‌ಗಳನ್ನೆಲ್ಲ ಒಟ್ಟಿಗೆ ಆನ್ ಮಾಡುವ ಡಬ್ಲ್ಯೂ-ಆಲ್ ಹಾಕಿದರೆ ಎರಡೂ ಬರುತ್ತವೆ, ಹಾಗಾಗಿ ಒಂದೇ ತೂಕದ ಮಾತು ಅನ್ನಿಸುತ್ತದೆ. ಆದರೆ ಮೊದಲನೆಯದು ಆರೋಪ, ಎರಡನೆಯದು ಅನುಮಾನ. ಮೊದಲನೆಯದು ಕಂಡರೆ ಕೈಯಲ್ಲಿರುವ ಕೆಲಸ ಬಿಟ್ಟು ಅಲ್ಲಿಗೆ ಹೋಗಿ, ಹತ್ತಕ್ಕೆ ಒಂಬತ್ತು ಸಲ ನಿಮ್ಮದೇ ತಪ್ಪಿರುತ್ತದೆ. ನಿಮಗೆ ಬಂದಿರುವುದು ಎರಡನೆಯದು. ಅದರ ಪೂರ್ತಿ ಅರ್ಥ ಇಷ್ಟೇ: ‘ವ್ಯಾಲ್ಯೂ ಸಿಗದೆ ಬಳಕೆಯ ಜಾಗಕ್ಕೆ ಬರುವ ಒಂದು ದಾರಿ ಕಾಣುತ್ತಿದೆ. ಆ ದಾರಿಯಲ್ಲಿ ಯಾರೂ ಬರುವುದಿಲ್ಲ ಅಂತ ಸಾಬೀತು ಮಾಡುವುದಕ್ಕೆ ನನ್ನಿಂದ ಆಗಲಿಲ್ಲ.’

ಈಗ ನಿಮ್ಮ ಕೋಡ್‌ಗೆ ಬನ್ನಿ. (ಕೀವರ್ಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಓದುವಾಗ ಸಿ ಎಂದೇ ಓದಿಕೊಳ್ಳಿ.) ನೀವು ಎರಡು ಇಫ್ ನೋಡುತ್ತೀರಿ. ಎರಡರದ್ದೂ ಒಂದೇ ಷರತ್ತು. ಮೊದಲನೆಯದಕ್ಕೆ ಹೋದವನು ಎರಡನೆಯದಕ್ಕೂ ಹೋಗುತ್ತಾನೆ, ಹೋಗದವನು ಎರಡಕ್ಕೂ ಹೋಗುವುದಿಲ್ಲ. ಅಲ್ವಾ?

ಕಂಪೈಲರ್ ಹಾಗೆ ಒಪ್ಪುವುದಿಲ್ಲ. ನಡುವೆ ‘ದಾಖಲಿಸು(ಕ)’ ಎಂಬ ಕರೆ ಇದೆ. ಆ ಫಂಕ್ಷನ್ ಬೇರೆ ಫೈಲಿನಲ್ಲಿದೆ. ಈ ಫೈಲ್ ಕಂಪೈಲ್ ಮಾಡುವಾಗ ಅದರ ಹೆಸರು ಮಾತ್ರ ಗೊತ್ತು, ಹೊಟ್ಟೆಯಲ್ಲೇನಿದೆ ಗೊತ್ತಿಲ್ಲ. ಕನೆಕ್ಷನ್ನಿನ ವಿಳಾಸವಾದ ‘ಕ’ ಅದರ ಕೈಗೆ ಹೋಗಿದೆ. ಒಳಗೆ ಅದು ‘ಕ->ತೆರೆದಿದೆ’ಯನ್ನು 0 ಇಂದ 1 ಮಾಡಿದರೆ? ಆಗ ಮೊದಲ ಇಫ್ ತಪ್ಪಿಹೋಗುತ್ತದೆ, ಎರಡನೆಯದು ನಡೆಯುತ್ತದೆ, ‘ಉದ್ದ’ದಲ್ಲಿ ಸ್ಟ್ಯಾಕ್‌ನ ಹಳೇ ಕಸ ಇರುತ್ತದೆ. ಲಾಗ್ ಬರೆಯುವ ಫಂಕ್ಷನ್ ಅಂಥ ಕೆಲಸ ಮಾಡುವುದಿಲ್ಲ ಅಂತ ನಿಮಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ಆ ಫಂಕ್ಷನ್ನಿನ ಪ್ಯಾರಾಮೀಟರ್ ಮುಂದೆ ‘ಇದನ್ನು ಬದಲಾಯಿಸಲ್ಲ’ ಎನ್ನುವ ಕಾನ್ಸ್ಟ್ ಹಾಕಿದರೂ ಉಪಯೋಗವಿಲ್ಲ. ಮೂಲ ವಸ್ತು ಕಾನ್ಸ್ಟ್ ಅಲ್ಲದಿದ್ದರೆ, ಒಳಗೆ ಕ್ಯಾಸ್ಟ್ ಮಾಡಿ ಬದಲಾಯಿಸುವುದು ಸಿ ಯಲ್ಲಿ ಕಾನೂನುಬದ್ಧ. ಅಲ್ಲದೆ ‘ಅಳೆ(ಕ)’ ಕೂಡ ಇಂಥದೇ ಇನ್ನೊಂದು ಮುಚ್ಚಿದ ಡಬ್ಬಿ.

ಇದನ್ನು ಕಂಪೈಲರ್ ಸುಳ್ಳು ಹೇಳುತ್ತಿದೆ ಅನ್ನುವುದಾ? ನನಗೆ ಹಾಗನ್ನಿಸುವುದಿಲ್ಲ. ನೀವು ಬರೆದ ಕೋಡ್ ಒಂದು ಮಾತನ್ನು ನಂಬಿಕೊಂಡಿದೆ: ‘ದಾಖಲಿಸು, ತೆರೆದಿದೆ ಎಂಬ ಈ ಬಾವುಟವನ್ನು (ಹೌದು-ಇಲ್ಲ ಗುರುತನ್ನು) ಮುಟ್ಟುವುದಿಲ್ಲ.’ ಆ ಮಾತನ್ನು ಎಲ್ಲೂ ಬರೆದಿಲ್ಲ. ಮುಂದಿನ ವರ್ಷ ಯಾರಾದರೂ ಅದರೊಳಗೆ ‘ಕನೆಕ್ಷನ್ ಬಿದ್ದಿದ್ದರೆ ಮತ್ತೆ ತೆರೆ’ ಅಂತ ಎರಡು ಸಾಲು ಸೇರಿಸಿದರೆ, ಇವತ್ತಿನ ಸುಳ್ಳು ವಾರ್ನಿಂಗ್ ಅವತ್ತು ನಿಜವಾಗುತ್ತದೆ.

ಇನ್ನು ಓ-0 ದಲ್ಲಿ ಯಾಕೆ ಸುಮ್ಮನಿದೆ ಎಂಬ ಪ್ರಶ್ನೆ. ಜಿಸಿಸಿ ಈ ಅನುಮಾನವನ್ನು ಆಪ್ಟಿಮೈಸರ್‌ನ ಬೆನ್ನ ಮೇಲೆ ಕೂತು ಮಾಡುತ್ತದೆ. ಆಪ್ಟಿಮೈಸರ್ ಕೋಡನ್ನು ಎಸ್‌ಎಸ್‌ಎ ಎಂಬ ರೂಪಕ್ಕೆ ತಿರುಗಿಸುತ್ತದೆ. ಅದರಲ್ಲಿ ಪ್ರತಿ ಅಸೈನ್‌ಮೆಂಟ್‌ಗೂ ವೇರಿಯಬಲ್‌ನ ಹೊಸ ಪ್ರತಿ ಹುಟ್ಟುತ್ತದೆ. ಎರಡು ದಾರಿ ಸೇರುವ ಕಡೆ ಫೈ ಎಂಬ ಗಂಟು ಕೂರುತ್ತದೆ: ‘ಈ ಕಡೆಯಿಂದ ಬಂದರೆ ಈ ಪ್ರತಿ, ಆ ಕಡೆಯಿಂದ ಬಂದರೆ ಆ ಪ್ರತಿ.’ ನಿಮ್ಮ ‘ಉದ್ದ’ದ ಗಂಟಿನಲ್ಲಿ ಒಂದು ಎಳೆ ‘ಅಳೆ’ಯಿಂದ ಬಂದಿದೆ, ಇನ್ನೊಂದು ಎಳೆ ಎಲ್ಲಿಂದಲೂ ಬಂದಿಲ್ಲ. ಆ ಖಾಲಿ ಎಳೆ ಬಳಕೆಯ ಜಾಗ ಮುಟ್ಟುತ್ತದಾ ಅಂತ ನೋಡಲು ಕಂಪೈಲರ್ ನಡುವಿನ ಷರತ್ತುಗಳನ್ನು ಹೋಲಿಸುತ್ತದೆ. ಹೊಂದಿದರೆ ಸುಮ್ಮನಾಗುತ್ತದೆ, ಹೊಂದದಿದ್ದರೆ ಕೂಗುತ್ತದೆ. ಓ-0 ದಲ್ಲಿ ಈ ಯಂತ್ರ ಓಡುವುದೇ ಇಲ್ಲ.

ಇದರ ಒಂದು ಕೆಟ್ಟ ಪರಿಣಾಮ ಅಂದರೆ ಆಪ್ಟಿಮೈಸರ್ ಸ್ವಲ್ಪ ಬದಲಾದರೂ ವಾರ್ನಿಂಗ್‌ಗಳು ಬದಲಾಗುತ್ತವೆ. ಓ-2 ದಲ್ಲಿ ಇಲ್ಲದ್ದು ಗಾತ್ರ ತಗ್ಗಿಸುವ ಓ-ಎಸ್‌ನಲ್ಲಿ ಬರುತ್ತದೆ. ಹೊಸ ಜಿಸಿಸಿ ಹಾಕಿಕೊಂಡ ದಿನ ಮೂವತ್ತು ಹೊಸ ಸಾಲು ಬರುತ್ತವೆ, ಕೋಡ್‌ನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ. ಪ್ರೋಗ್ರಾಮ್ ಓಡುವಾಗ ತಪ್ಪು ಹಿಡಿಯುವ ಸ್ಯಾನಿಟೈಸರ್ ಆನ್ ಮಾಡಿದರಂತೂ ಸುಳ್ಳು ವಾರ್ನಿಂಗ್ ಜಾಸ್ತಿಯಾಗುತ್ತದೆ ಅಂತ ಜಿಸಿಸಿಯ ಕೈಪಿಡಿಯೇ ಹೇಳುತ್ತದೆ, ಅದರ ಜೊತೆ ಡಬ್ಲ್ಯೂ-ಎರರ್ (ವಾರ್ನಿಂಗನ್ನೇ ಎರರ್ ಮಾಡುವ ಆಯ್ಕೆ) ಬೇಡ ಅಂತಲೂ ಹೇಳುತ್ತದೆ.

ಕ್ಲ್ಯಾಂಗ್‌ನ ದಾರಿ ಬೇರೆ. ಅದು ಆಪ್ಟಿಮೈಸರ್ ಶುರುವಾಗುವ ಮೊದಲೇ, ನೀವು ಬರೆದ ರೂಪದಲ್ಲೇ ಕೋಡ್ ನೋಡಿ ಹೇಳುತ್ತದೆ. ಓ-0 ಆಗಲಿ ಓ-3 ಆಗಲಿ, ಮಾತು ಒಂದೇ. ಅದು ಕೂಗಿದಾಗ ‘ಈ ಇಫ್ ಸುಳ್ಳಾದಾಗಲೆಲ್ಲ’ ಅಂತ ಬೆರಳಿಟ್ಟು ತೋರಿಸುತ್ತದೆ, ಅದು ನನಗೆ ಇಷ್ಟ. ಆದರೆ ನಿಮ್ಮಂಥ ಕೋಡ್‌ನಲ್ಲಿ ಬಳಕೆಯೂ ಷರತ್ತಿನ ಒಳಗಿದೆ. ಅಂಥ ಅನುಮಾನವನ್ನು ಕ್ಲ್ಯಾಂಗ್ ಕಂಡಿಶನಲ್-ಅನ್‌ಇನಿಶಿಯಲೈಸ್ಡ್ ಎಂಬ ಬೇರೆ ಆಯ್ಕೆಯಲ್ಲಿ ಇಟ್ಟಿದೆ. ಅದು ಡಬ್ಲ್ಯೂ-ಆಲ್‌ನಲ್ಲಿ ಇಲ್ಲ, ಡಬ್ಲ್ಯೂ-ಎಕ್ಸ್‌ಟ್ರಾದಲ್ಲೂ ಇಲ್ಲ. ಅದನ್ನು ಹೆಸರು ಹಿಡಿದು ಆನ್ ಮಾಡಿ ನೋಡಿ, ಕ್ಲ್ಯಾಂಗ್ ಕೂಡ ಇದೇ ಸಾಲು ತೋರಿಸುತ್ತದೆ. ಅಂದರೆ ಅದಕ್ಕೆ ಅನುಮಾನ ಇರಲಿಲ್ಲ ಅಂತಲ್ಲ. ಕೇಳದೆ ಬಾಯಿ ಬಿಡಲಿಲ್ಲ ಅಷ್ಟೇ.

ಎಲ್ಲ ಪ್ರೋಗ್ರಾಮ್‌ಗೂ ಇದನ್ನು ತಪ್ಪಿಲ್ಲದೆ ಹೇಳುವ ಕಂಪೈಲರ್ ಯಾಕಿಲ್ಲ ಅಂದರೆ, ಇರುವುದಕ್ಕೆ ಸಾಧ್ಯವೇ ಇಲ್ಲ. ಪ್ರೋಗ್ರಾಮ್ ಓಡಿದಾಗ ಒಂದು ಸಾಲು ಮುಟ್ಟುತ್ತದಾ ಇಲ್ಲವಾ ಎಂದು ಎಲ್ಲ ಸಂದರ್ಭದಲ್ಲೂ ಹೇಳುವ ವಿಧಾನ ಇಲ್ಲ ಎಂಬುದು 1936 ರಲ್ಲಿ ಅಲನ್ ಟ್ಯೂರಿಂಗ್ ತೋರಿಸಿದ್ದರಿಂದಲೇ ಹೊರಡುತ್ತದೆ. ಜಾವಾ ಈ ತಲೆನೋವನ್ನು ಬೇರೆ ರೀತಿ ಕಳೆದುಕೊಂಡಿತು. ಅಲ್ಲಿ ನಿಯಮ ಸರಳ, ಕಟ್ಟುನಿಟ್ಟು: ನಿಯಮದ ಪ್ರಕಾರ ಪ್ರತಿ ದಾರಿಯಲ್ಲೂ ವ್ಯಾಲ್ಯೂ ಕಾಣದಿದ್ದರೆ ಅದು ವಾರ್ನಿಂಗ್ ಅಲ್ಲ, ಎರರ್. ನಿಮ್ಮ ಕೋಡ್ ಜಾವಾದಲ್ಲಿ ಕಂಪೈಲ್ ಆಗುವುದಿಲ್ಲ. ತಮಾಷೆ ನೋಡಿ, ಜಾವಾದವರು ಯಾರೂ ಕಂಪೈಲರ್ ದಾರಿ ತಪ್ಪಿಸುತ್ತಿದೆ ಅನ್ನುವುದಿಲ್ಲ. ನಿಯಮ ಮೊದಲೇ ಗೊತ್ತು, ಗೊಣಗಿಕೊಂಡು ಕೋಡ್ ತಿದ್ದುತ್ತಾರೆ.

ಈಗ ಇನ್ನೊಂದು ಬಗೆ ತೋರಿಸುತ್ತೇನೆ, ಯಾಕೆಂದರೆ ಹಳೇ ಸಿ ಕೋಡ್‌ನಲ್ಲಿ ಇದೇ ಜಾಸ್ತಿ. ಕರೆಯುವವನು:

ತ = ತಾ(&ಎಣಿಕೆ);
ಇಫ್ (ತ < 0)
    ರಿಟರ್ನ್ ತ;
ಹಂಚು(ಎಣಿಕೆ);

ಕರೆಸಿಕೊಳ್ಳುವ ‘ತಾ’ ಒಳಗೆ:

ತ = ಕೆಳಪದರ();
ಇಫ್ (ತ != 0)
    ರಿಟರ್ನ್ ತ;
*ಜಾಗ = ಲೆಕ್ಕ;
ರಿಟರ್ನ್ 0;

‘ತಾ’ ಬೇರೆ ಫೈಲಿನಲ್ಲಿದ್ದಾಗ ಒಂದೂ ವಾರ್ನಿಂಗ್ ಇರುವುದಿಲ್ಲ. ವಿಳಾಸ ಕೊಟ್ಟಿದ್ದೀರಿ, ಅದು ಬರೆದಿರುತ್ತದೆ ಅಂತ ಜಿಸಿಸಿ ನಂಬಿಬಿಡುತ್ತದೆ. ಅದೇ ಫಂಕ್ಷನ್ನನ್ನು ಈ ಫೈಲಿಗೆ ತಂದು ಹಾಕಿದ ದಿನ, ಅಥವಾ ಲಿಂಕ್-ಟೈಮ್ ಆಪ್ಟಿಮೈಸೇಶನ್ (ಎಲ್ಲ ಫೈಲುಗಳನ್ನು ಒಟ್ಟಿಗೆ ನೋಡುವುದು) ಆನ್ ಮಾಡಿದ ದಿನ, ಅದು ಇನ್‌ಲೈನ್ ಆಗುತ್ತದೆ, ಅಂದರೆ ಅದರ ಕೋಡ್ ಕರೆದ ಜಾಗಕ್ಕೇ ಬಂದು ಕೂರುತ್ತದೆ, ವಾರ್ನಿಂಗ್ ಬರುತ್ತದೆ. ‘ಫಂಕ್ಷನ್ ಜಾಗ ಬದಲಿಸಿದೆ ಅಷ್ಟೇ, ಕಂಪೈಲರ್‌ಗೆ ಹುಚ್ಚು ಹಿಡಿದಿದೆ’ ಅಂತ ಜನ ಬೈಯುವುದು ಇಲ್ಲೇ. ಇಲ್ಲಿ ಕಂಪೈಲರ್‌ಗೆ ಮೊದಲಿಗಿಂತ ಜಾಸ್ತಿ ಕಾಣುತ್ತಿದೆ, ಅದಕ್ಕೇ ಜಾಸ್ತಿ ಮಾತು.

ಎರಡು ಷರತ್ತುಗಳನ್ನು ಪಕ್ಕ ಪಕ್ಕ ಇಟ್ಟು ಓದಿ. ಒಳಗಿನವನು ‘0 ಅಲ್ಲದಿದ್ದರೆ ವಾಪಸ್’ ಎನ್ನುತ್ತಾನೆ. ಹೊರಗಿನವನು ‘0 ಗಿಂತ ಕಡಿಮೆ ಇದ್ದರೆ ಮಾತ್ರ ತಪ್ಪು’ ಎನ್ನುತ್ತಾನೆ. ‘ಕೆಳಪದರ’ 1 ಅಂತ ಉತ್ತರ ಕೊಟ್ಟರೆ? ಒಳಗಿನವನು ಎಣಿಕೆ ಬರೆಯದೆ ವಾಪಸ್ ಬರುತ್ತಾನೆ, ಹೊರಗಿನವನು ಎಲ್ಲ ಸರಿ ಇದೆ ಅಂತ ಕಸವನ್ನು ಹಂಚುತ್ತಾನೆ. ‘ಅದು ಯಾವತ್ತೂ ಪಾಸಿಟಿವ್ ಕೊಡಲ್ಲ’ ಅನ್ನಬಹುದು. ಇರಬಹುದು. ಆದರೆ ಎರಡೂ ಕಡೆ ಒಂದೇ ಷರತ್ತು ಬರೆದರೆ ವಾರ್ನಿಂಗ್ ತಾನಾಗಿ ಹೋಗುತ್ತದೆ, ನಂಬಿಕೆಯ ಮೇಲೆ ನಿಂತ ಕೋಡ್ ಕೂಡ ಹೋಗುತ್ತದೆ. ಇಲ್ಲಿ = 0 ಹಾಕಿದ್ದರೆ ‘ಹಂಚು’ವಿಗೆ 0 ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

= 0 ಬಗ್ಗೆ ನನಗಿರುವ ಸಿಟ್ಟಿಗೆ ಸ್ವಂತ ಕಾರಣ ಒಂದಿದೆ. ವರ್ಷಗಳ ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಸ್ಟಮ್ ಕೊಡುವ ಸಂಖ್ಯೆ) ಇಡುವ ವೇರಿಯಬಲ್‌ಗೆ ಇದೇ ವಾರ್ನಿಂಗ್ ಬಂತು. ಫಂಕ್ಷನ್ನಿನ ಕೊನೆಯಲ್ಲಿ ‘ಶುಚಿ’ ಅಂತ ಒಂದು ಲೇಬಲ್. ತಪ್ಪಾದರೆ ಎಲ್ಲಿಂದಲಾದರೂ ಅಲ್ಲಿಗೆ ಗೋಟು (ನೇರ ಜಿಗಿತ), ಅಲ್ಲಿ ಫೈಲ್ ಕ್ಲೋಸ್. ಫೈಲ್ ತೆರೆಯುವ ಮೊದಲೇ ಗೋಟು ಆಗುವ ಒಂದು ದಾರಿ ಇತ್ತು, ಕಂಪೈಲರ್ ಅದನ್ನೇ ಹೇಳುತ್ತಿತ್ತು. ನಾನು = 0 ಹಾಕಿದೆ, ವಾರ್ನಿಂಗ್ ಹೋಯಿತು, ಮನೆಗೆ ಹೋದೆ. ಯುನಿಕ್ಸ್‌ನಲ್ಲಿ 0 ಅಂದರೆ ಸ್ಟ್ಯಾಂಡರ್ಡ್ ಇನ್‌ಪುಟ್. ತಪ್ಪಿನ ದಾರಿ ಹಿಡಿದಾಗಲೆಲ್ಲ ನಮ್ಮ ಪ್ರೋಗ್ರಾಮ್ ತನ್ನದೇ ಇನ್‌ಪುಟ್ ಮುಚ್ಚಿಕೊಳ್ಳುತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಫೈಲ್ ತೆರೆದರೆ ಖಾಲಿ ಇರುವ ಅತಿ ಸಣ್ಣ ಸಂಖ್ಯೆ ಕೊಡಬೇಕು ಎಂಬುದು ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಮಾನದಂಡವಾದ ಪೊಸಿಕ್ಸ್‌ನ ನಿಯಮ. ಹಾಗಾಗಿ ಮುಂದಿನ ಫೈಲಿಗೆ 0 ಸಿಕ್ಕಿತು. ಇನ್ನೊಂದು ಮಾಡ್ಯೂಲ್‌ನಲ್ಲಿ ಯಾರೋ ‘0 ಗಿಂತ ಜಾಸ್ತಿ ಇದ್ದರೆ ಮಾತ್ರ ಫೈಲ್ ತೆರೆದಿದೆ’ ಅಂತ ಬರೆದಿದ್ದರು. ತೆರೆದ ಫೈಲು ತೆರೆದೇ ಇಲ್ಲ ಅಂತ ಎರರ್. ಮೂಲ ಹುಡುಕುವುದಕ್ಕೆ ಮೂರು ದಿನ ಹೋಯಿತು, ಸಿಕ್ಕಿದಾಗ ಆ ಸಾಲಿನ ಮೇಲೆ ನನ್ನದೇ ಹೆಸರು. -1 ಹಾಕಿ, ಕ್ಲೋಸ್ ಮಾಡುವ ಮೊದಲು ಅದನ್ನು ನೋಡಿಕೊಂಡಿದ್ದರೆ ಸಾಕಿತ್ತು.

0 ಎಂಬುದು ‘ಏನೂ ಇಲ್ಲ’ ಅಲ್ಲ. ಎಷ್ಟೋ ಕಡೆ ಅದು ಪೂರ್ತಿ ಅರ್ಥವಿರುವ ವ್ಯಾಲ್ಯೂ. ಡಿಸ್ಕ್ರಿಪ್ಟರ್ ಆದರೆ ಇನ್‌ಪುಟ್, ಯೂಸರ್ ಐಡಿ ಆದರೆ ಎಲ್ಲ ಅಧಿಕಾರ ಇರುವ ರೂಟ್, ಸಮಯ ಆದರೆ 1970 ರ ಜನವರಿ 1, ರಿಟರ್ನ್ ಕೋಡ್ ಆದರೆ ‘ಎಲ್ಲ ಸರಿಯಾಯಿತು’. ತಪ್ಪಿನ ದಾರಿಯಲ್ಲಿ ರಿಟರ್ನ್ ಕೋಡ್‌ಗೆ 0 ಹಾಕುವುದು ಇವುಗಳಲ್ಲೆಲ್ಲ ಕೆಟ್ಟದ್ದು.

ಇನ್ನೂ ಒಂದು ನಷ್ಟ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. = 0 ಹಾಕಿದ ಮೇಲೆ ಆ ವೇರಿಯಬಲ್ ಬಗ್ಗೆ ಯಾರೂ ನಿಮ್ಮನ್ನು ಎಚ್ಚರಿಸುವುದಿಲ್ಲ. ನಾಳೆ ಹೊಸ ದಾರಿಯಲ್ಲಿ ನಿಜವಾಗಿಯೂ ವ್ಯಾಲ್ಯೂ ಕೊಡಲು ಮರೆತರೂ ಕಂಪೈಲರ್ ಸುಮ್ಮನಿರುತ್ತದೆ. ಪ್ರೋಗ್ರಾಮ್ ಓಡುವಾಗ ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರೈಂಡ್ ಸುಮ್ಮನಿರುತ್ತದೆ, ಮೆಮೊರಿ ಸ್ಯಾನಿಟೈಸರ್ ಕೂಡ. ಅವರ ಕಣ್ಣಲ್ಲಿ ಅದು ಈಗ ಇನಿಶಿಯಲೈಸ್ ಆದದ್ದು.

ಲಿನಕ್ಸ್ ಕರ್ನಲ್ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈ ಪಾಠವನ್ನು ನಿಧಾನಕ್ಕೆ ಕಲಿಯಿತು. ಅಲ್ಲಿ ‘ಅನ್‌ಇನಿಶಿಯಲೈಸ್ಡ್_ವಾರ್’ ಎಂಬ ಮ್ಯಾಕ್ರೋ ಇತ್ತು. ಅದು ಮಾಡುತ್ತಿದ್ದದ್ದು ಇಷ್ಟು: ವೇರಿಯಬಲ್‌ಗೆ ಅದರದ್ದೇ ವ್ಯಾಲ್ಯೂ ಕೊಡುವುದು, ಅಂದರೆ ‘ಎಕ್ಸ್ = ಎಕ್ಸ್’. ಸಿ ಯಲ್ಲಿ ಹೀಗೆ ಬರೆದರೆ ಜಿಸಿಸಿ, ಇನಿಟ್-ಸೆಲ್ಫ್ ಆಯ್ಕೆ ಹಾಕದಿದ್ದರೆ, ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಕಸ ಕಸವಾಗಿಯೇ ಉಳಿಯುತ್ತದೆ. ನಿಜವಾದ ತಪ್ಪುಗಳೂ ಇದರ ಹಿಂದೆ ಅಡಗುತ್ತವೆ ಅಂತ 2020 ರಲ್ಲಿ, 5.9 ಆವೃತ್ತಿಯಲ್ಲಿ, ಅದನ್ನು ಕಿತ್ತು ಹಾಕಿದರು. ಅದೇ ವರ್ಷದ ಮೇ ತಿಂಗಳಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಮೇಬಿ-ಅನ್‌ಇನಿಶಿಯಲೈಸ್ಡ್ ವಾರ್ನಿಂಗನ್ನೇ ಸಾಮಾನ್ಯ ಬಿಲ್ಡ್‌ನಿಂದ ತೆಗೆದರು. ಜಿಸಿಸಿ 10 ತಂದ ಗಲಾಟೆ ಅವರಿಗೆ ಸಾಕಾಗಿತ್ತು. ಈ ಎರಡೂ ಒಂದಕ್ಕೊಂದು ವಿರುದ್ಧ ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಎರಡೂ ಸರಿ ಕಾಣುತ್ತವೆ. ಗದ್ದಲ ಜಾಸ್ತಿಯಾದರೆ ಗದ್ದಲವನ್ನು ಒಂದು ಕಡೆ, ಎಲ್ಲರಿಗೂ ಕಾಣುವ ಹಾಗೆ ಆಫ್ ಮಾಡಿ. ಕೋಡ್ ಒಳಗೆ ಸಾವಿರ ಕಡೆ ಸುಳ್ಳು ವ್ಯಾಲ್ಯೂ ಚುಚ್ಚಬೇಡಿ.

ವಾರ್ನಿಂಗ್ ಬಾಯಿ ಮುಚ್ಚಿಸಲು ಹೋಗಿ ಆದ ಅತಿ ದೊಡ್ಡ ಅನಾಹುತದಲ್ಲಿ ಕೂಗಿದ್ದು ಕಂಪೈಲರ್ ಅಲ್ಲ, ವಾಲ್‌ಗ್ರೈಂಡ್. 2006 ರಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ (ಗುಪ್ತಲಿಪಿಯ ಲೈಬ್ರರಿ) ಪ್ಯಾಕೇಜ್‌ನಲ್ಲಿ ಇನಿಶಿಯಲೈಸ್ ಆಗದ ಮೆಮೊರಿ ಬಳಕೆಯಾಗುತ್ತಿದೆ ಎಂಬ ದೂರು ಬಂತು. ಅದನ್ನು ನಿಲ್ಲಿಸಲು ಒಂದೇ ರೀತಿ ಕಾಣುವ ಎರಡು ಸಾಲು ತೆಗೆದರು. ಒಂದು ಸಾಲು ಹೋದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಸಾಲು ರ‍್ಯಾಂಡಮ್ ಸಂಖ್ಯೆಗೆ ಬೇಕಾದ ಬೀಜವನ್ನು ಬೆರೆಸುತ್ತಿದ್ದ ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರಾಸೆಸ್ ಐಡಿ ಮಾತ್ರ. ಅದರಲ್ಲಿ ಹೆಚ್ಚೆಂದರೆ 32,768 ಬಗೆ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಬಗೆಯ ಮತ್ತು ಉದ್ದದ ಕೀಲಿಗೆ, ಅಷ್ಟೇ ಕೀಲಿಗಳು. ಎಲ್ಲವನ್ನೂ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬಹುದು. ಇದು ಹೊರಗೆ ಬಂದದ್ದು 2008 ರ ಮೇ 13 ರಂದು. ಅಷ್ಟರೊಳಗೆ ಆ ಪ್ಯಾಕೇಜ್‌ನಿಂದ ಹುಟ್ಟಿದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ) ಕೀಲಿಗಳನ್ನೆಲ್ಲ ಬಿಸಾಡಿ ಹೊಸದು ಮಾಡಬೇಕಾಯಿತು.

ಇನ್ನು ಉಲ್ಟಾ ಮೋಸ. ವಾರ್ನಿಂಗ್ ಇಲ್ಲ ಅಂದ ಮಾತ್ರಕ್ಕೆ ತಪ್ಪಿಲ್ಲ ಅಂತಲ್ಲ. ಫೈ ಗಂಟಿನಲ್ಲಿ ಒಂದು ಎಳೆ ಖಾಲಿ, ಇನ್ನೊಂದು ಎಳೆ 10 ಎಂಬ ಸ್ಥಿರ ಸಂಖ್ಯೆ ಅಂದುಕೊಳ್ಳಿ. ಖಾಲಿ ಎಳೆಯ ವ್ಯಾಲ್ಯೂ ಏನು ಬೇಕಾದರೂ ಆಗಬಹುದು ಅಂತ ಆಪ್ಟಿಮೈಸರ್‌ಗೆ ಸ್ವಾತಂತ್ರ್ಯ ಇದೆ. ಅದು ‘ಹಾಗಾದರೆ 10 ಅಂತಲೇ ಇಟ್ಟುಕೊಳ್ಳೋಣ’ ಎನ್ನುತ್ತದೆ. ಎರಡೂ ಎಳೆ ಒಂದೇ ಆಯಿತು, ಗಂಟು ಮಾಯ. ವಾರ್ನಿಂಗ್ ಕೊಡುವವನು ಬಂದು ನೋಡುವಷ್ಟರಲ್ಲಿ ಅಲ್ಲಿ ಅನುಮಾನ ಪಡಲು ಏನೂ ಉಳಿದಿಲ್ಲ. ಜಿಸಿಸಿಯ ಬಗ್ ಪಟ್ಟಿಯಲ್ಲಿ 18501 ನೇ ಸಂಖ್ಯೆಯಡಿ 2004 ರಲ್ಲಿ ದಾಖಲಾದ ದೂರು ಇದೇ ಜಾತಿಯದ್ದು, ವರ್ಷಾನುಗಟ್ಟಲೆ ತೆರೆದೇ ಇತ್ತು. ಅದಕ್ಕೇ ನಾನು ಎರಡೂ ಕಂಪೈಲರ್‌ನಲ್ಲಿ ಬಿಲ್ಡ್ ಮಾಡುತ್ತೇನೆ. ಒಂದರ ಕುರುಡು ಇನ್ನೊಂದಕ್ಕೆ ಇರುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಮೊದಲು ‘ದಾಖಲಿಸು’ ಕರೆಯನ್ನು ಎರಡೂ ಇಫ್‌ಗಳ ನಂತರಕ್ಕೋ ಮೊದಲಿಗೋ ತರಬಹುದಾ ನೋಡಿ. ಹಾಗೆ ತರಲು ಆಗುವುದಾದರೆ ಎರಡು ಇಫ್ ಒಂದಾಗುತ್ತವೆ, ‘ಉದ್ದ’ ಅದರ ಒಳಗೇ ಹುಟ್ಟಿ ಒಳಗೇ ಸಾಯುತ್ತದೆ. ಇದಕ್ಕಿಂತ ಚೆನ್ನಾದ ಪರಿಹಾರ ಇಲ್ಲ. ಕ್ರಮ ಬದಲಿಸುವ ಹಾಗಿಲ್ಲ ಅಂದರೆ ‘ಕ->ತೆರೆದಿದೆ’ಯನ್ನು ಮೊದಲೇ ಒಂದು ಲೋಕಲ್ ವೇರಿಯಬಲ್‌ಗೆ ನಕಲು ಮಾಡಿ, ಎರಡೂ ಇಫ್‌ನಲ್ಲಿ ಅದನ್ನೇ ಕೇಳಿ. ಲೋಕಲ್‌ನ ವಿಳಾಸ ಯಾರಿಗೂ ಕೊಟ್ಟಿಲ್ಲ, ಹಾಗಾಗಿ ನಡುವೆ ಅದು ಬದಲಾಗುವುದಿಲ್ಲ ಅಂತ ಜಿಸಿಸಿಗೆ ಖಚಿತವಾಗುತ್ತದೆ. ಆದರೆ ನಕಲು ಮಾಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನಡುವೆ ಕನೆಕ್ಷನ್ ನಿಜವಾಗಿಯೂ ಮುಚ್ಚಿಹೋದರೆ, ಆಮೇಲೂ ಕಳಿಸಬೇಕಾ? ನಿಮ್ಮ ಹಳೇ ಕೋಡ್ ಕಳಿಸುತ್ತಿರಲಿಲ್ಲ. ನಕಲು ಮಾಡಿದ ಕೋಡ್ ಕಳಿಸುತ್ತದೆ.

ಎನಮ್ (ಹೆಸರಿಟ್ಟ ಸಂಖ್ಯೆಗಳ ಪಟ್ಟಿ) ಮೇಲೆ ಸ್ವಿಚ್ ಇರುವ ಕಡೆ ಇದೇ ವಾರ್ನಿಂಗ್ ಬಂದರೆ ಗಾಬರಿ ಬೇಡ. ಎಲ್ಲ ಹೆಸರಿಗೂ ಕೇಸ್ ಬರೆದಿದ್ದರೂ ಸಿ ಯ ಎನಮ್‌ನಲ್ಲಿ ಹೆಸರಿಲ್ಲದ ಸಂಖ್ಯೆ ಕೂರಬಹುದು, ಅದಕ್ಕೇ ಜಿಸಿಸಿ ಕೂಗುತ್ತದೆ. ಡಿಫಾಲ್ಟ್‌ನಲ್ಲಿ ಪ್ರೋಗ್ರಾಮನ್ನೇ ನಿಲ್ಲಿಸುವ ಅಬಾರ್ಟ್ ಕರೆಯಿರಿ. ‘ಇಲ್ಲಿಗೆ ಯಾರೂ ಬರಲ್ಲ’ ಅಂತ ಹೇಳುವ ಬಿಲ್ಟಿನ್ ಕೂಡ ಇದೆ, ಆದರೆ ಅದು ಕಂಪೈಲರ್‌ಗೆ ಕೊಡುವ ಆಣೆ. ಆಣೆ ಸುಳ್ಳಾದರೆ ಆಗುವುದು ಕಸ ಓದುವುದಕ್ಕಿಂತ ಕೆಟ್ಟದ್ದು. ಜಿಸಿಸಿ 11 ರಿಂದ ಇನ್ನೊಂದು ಹೊಸ ಕೂಗು ಸೇರಿದೆ: ಕಾನ್ಸ್ಟ್ ಪಾಯಿಂಟರ್ ಕೇಳುವ ಫಂಕ್ಷನ್ನಿಗೆ ಖಾಲಿ ಬಫರ್‌ನ ವಿಳಾಸ ಕೊಟ್ಟರೂ ಎಚ್ಚರಿಸುತ್ತದೆ. ಓದಲಿಕ್ಕೆ ತಾನೇ ಕೊಡುತ್ತಿದ್ದೀರಿ ಎಂಬುದು ಅದರ ತರ್ಕ. ಬರೀ ವಿಳಾಸ ಬೇಕಿದ್ದ ಫಂಕ್ಷನ್ ಆದರೆ ಅದು ಸುಳ್ಳು ವಾರ್ನಿಂಗ್, ಅಲ್ಲಿ ಮಾತ್ರ ಪ್ರಾಗ್ಮಾ (ಕಂಪೈಲರ್‌ಗೆ ಕೋಡಲ್ಲೇ ಬರೆಯುವ ಸೂಚನೆ) ಹಾಕಿ ಮುಚ್ಚಿಸುವುದಕ್ಕೆ ನನ್ನ ಅಭ್ಯಂತರ ಇಲ್ಲ.

ಸೀನಿಯರ್‌ಗೆ ನಿಜವಾದ ಭಯ ಕಸದ ವ್ಯಾಲ್ಯೂ ಬಗ್ಗೆ ಇದ್ದರೆ, ಅದಕ್ಕೆ ಬೇರೆ ಮದ್ದಿದೆ. ಟ್ರಿವಿಯಲ್-ಆಟೋ-ವಾರ್-ಇನಿಟ್ ಎಂಬ ಆಯ್ಕೆ ಕ್ಲ್ಯಾಂಗ್ 8 ರಿಂದ ಇದೆ, ಜಿಸಿಸಿಯಲ್ಲಿ 12 ರಿಂದ. ನೀವು ವ್ಯಾಲ್ಯೂ ಕೊಡದ ಪ್ರತಿ ಲೋಕಲ್ ವೇರಿಯಬಲ್‌ಗೂ ಅದೇ ಸೊನ್ನೆ ತುಂಬುತ್ತದೆ, ಬೇಕಾದರೆ ಕಣ್ಣಿಗೆ ಹೊಡೆಯುವ ಒಂದು ಗುರುತಿನ ಬೈಟ್ ತುಂಬುತ್ತದೆ. ಇದರ ಜಾಣತನ ಏನೆಂದರೆ ವಾರ್ನಿಂಗ್ ನಿಲ್ಲುವುದಿಲ್ಲ. ಕಂಪೈಲರ್ ಆ ವೇರಿಯಬಲನ್ನು ಖಾಲಿ ಎಂದೇ ಲೆಕ್ಕ ಹಾಕಿ ಕೂಗುತ್ತಲೇ ಇರುತ್ತದೆ. ಗ್ರಾಹಕರ ಕೈಗೆ ಹೋಗುವ ಬಿಲ್ಡ್‌ನಲ್ಲಿ ಸೊನ್ನೆ ಹಾಕಿ, ಟೆಸ್ಟ್‌ಗೆ ಗುರುತಿನ ಬೈಟ್ ಹಾಕಿ.

ಡಬ್ಲ್ಯೂ-ಎರರ್ ಇಟ್ಟುಕೊಂಡಿದ್ದೀರಾ ಅಂತ ನೀವು ಹೇಳಿಲ್ಲ. ಇಟ್ಟುಕೊಂಡಿದ್ದರೆ ಈ ಒಂದು ವಾರ್ನಿಂಗನ್ನು ಅದರಿಂದ ಹೊರಗಿಡಿ, ವಾರ್ನಿಂಗ್ ಆಗಿಯೇ ಬರಲಿ. ಇಲ್ಲದಿದ್ದರೆ ಬೇರೆ ಆವೃತ್ತಿಯ ಜಿಸಿಸಿ ಇರುವವನು ನಿಮ್ಮ ಕೋಡ್ ಬಿಲ್ಡ್ ಮಾಡಲಾಗದೆ, ಮಧ್ಯರಾತ್ರಿ ಅವನೇ ಎಲ್ಲೋ ಒಂದು = 0 ಹಾಕಿ ನಿಮಗೆ ಪ್ಯಾಚ್ ಕಳಿಸುತ್ತಾನೆ.